ಯಾರ ಐದು ನಿಮಿಷ? ಮಲ್ಲೇಶ್ವರವನ್ನು ಕ್ಯೂಜಿಐಎಸ್‌ನಲ್ಲಿ ಅಳೆದು ನೋಡಿದ ಅನುಭವ

ಎಪ್ಪತ್ತಾರು ದಾಟಿದ ಅಮ್ಮನಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಸುತ್ತಾಡಿ ಸುತ್ತಾಡಿ ಕೊನೆಗೆ ಎರಡು ಮನೆಗಳು ಉಳಿದವು. ಒಂದು, ಮಲ್ಲೇಶ್ವರದ ಒಳ ಕ್ರಾಸೊಂದರಲ್ಲಿರುವ ಹಳೆಯ ಮನೆಯ ನೆಲ ಅಂತಸ್ತು. ಇನ್ನೊಂದು, ರೈಲು ಹಳಿಯಿಂದ ಪಶ್ಚಿಮಕ್ಕೆ, ಗಾಯತ್ರಿನಗರದ ಬದಿಯಲ್ಲಿ ಲಿಫ್ಟ್ ಇರುವ ಹೊಸ ಅಪಾರ್ಟ್‌ಮೆಂಟು. ಎರಡನೆಯದರ ಮಧ್ಯವರ್ತಿ ಕೈಗಿತ್ತ ಬಣ್ಣದ ಹಾಳೆಯಲ್ಲಿ ತರಕಾರಿ, ಔಷಧಿ, ಉದ್ಯಾನ, ಮೆಟ್ರೊ ಎಲ್ಲದರ ಮುಂದೆಯೂ ‘ಕೇವಲ 5 ನಿಮಿಷ’ ಎಂದು ಬರೆದಿತ್ತು. ಅದು ಯಾರ ಐದು ನಿಮಿಷ, ನಡಿಗೆಯದೋ ಬೈಕಿನದೋ, ದಿನದ ಯಾವ ಹೊತ್ತಿನದು ಎಂಬ ವಿವರ ಎಲ್ಲೂ ಇರಲಿಲ್ಲ. ಲೆಕ್ಕವನ್ನು ನಾನೇ ಹಾಕಿ ನೋಡುವುದು ಮೇಲೆಂದು, ನಕ್ಷೆಗಳನ್ನು ರಚಿಸಿ ಅಳೆಯುವ ಕ್ಯೂಜಿಐಎಸ್ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಒಂದು ಸಂಜೆಯ ಕೆಲಸವೆಂದುಕೊಂಡದ್ದು ನಾಲ್ಕು ತಿಂಗಳ ಗೀಳಾಯಿತು. ಆ ಬಳಕೆಯ ಆಧಾರದ ಮೇಲೆ ಈ ತಂತ್ರಾಂಶದ ಬಗ್ಗೆ, ಅದರಲ್ಲೂ ನಮ್ಮ ಮನೆಯಿಂದ ದಿನನಿತ್ಯದ ಸೌಕರ್ಯಗಳು ಎಷ್ಟು ಹತ್ತಿರ ಎಂದು ಅಳೆಯುವ ಅದರ ಸಾಮರ್ಥ್ಯದ ಬಗ್ಗೆ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆಲೆಯ ಮಾತು: ಒಂದು ಪೈಸೆಯೂ ಇಲ್ಲ. ಗ್ಯಾರಿ ಶೆರ್ಮನ್ ಎಂಬವರು 2002ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ ಬಹುಕಾಲ ‘ಕ್ವಾಂಟಮ್ ಜಿಐಎಸ್’ ಎಂದು ಹೆಸರಾಗಿತ್ತು, 2009ರಲ್ಲಿ 1.0 ಆವೃತ್ತಿ ಬಂತು, 2013ರ 2.0 ಆವೃತ್ತಿಯ ಹೊತ್ತಿಗೆ ಹೆಸರು ಮೊಟಕಾಯಿತು, 2018ರಲ್ಲಿ 3.0 ಬಂದ ಮೇಲೆ ಈಗ ನಾವು ಕಾಣುವ ರೂಪ ನೆಲೆಗೊಂಡಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎಂಟು ಜಿಬಿ ಮೆಮೊರಿಯ ನನ್ನ ಹಳೆಯ ಯಂತ್ರಕ್ಕೆ ಒಂದೆರಡು ಬಡಾವಣೆಗಳ ನಕ್ಷೆ ಭಾರವೆನಿಸಲಿಲ್ಲ. ಇಡೀ ಬೆಂಗಳೂರಿನ ರಸ್ತೆಗಳನ್ನು ಒಮ್ಮೆಗೇ ತೆರೆದಾಗ ಮಾತ್ರ ಪಂಖ ಗಿರಗಿರನೆ ತಿರುಗತೊಡಗಿತು. ಹೊಸಬರು ಎಲ್ಲಕ್ಕಿಂತ ಹೊಸ ಆವೃತ್ತಿಯ ಬದಲು ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಾಕಿಕೊಳ್ಳಬೇಕು. ಪ್ಲಗಿನ್‌ಗಳು, ಅಂದರೆ ತಂತ್ರಾಂಶಕ್ಕೆ ನಾವು ಸೇರಿಸಿಕೊಳ್ಳುವ ಕಿರುಸಾಧನಗಳು, ಕೈಕೊಡುವುದು ಹೊಸದರಲ್ಲೇ ಹೆಚ್ಚು.

ವಿಳಾಸ ಕೊಟ್ಟರೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಸಿದ್ಧ ಸೇವೆಗಳಿಲ್ಲವೇ ಎಂದು ಕೇಳಬಹುದು. 2007ರಲ್ಲಿ ಆರಂಭವಾದ ವಾಕ್ ಸ್ಕೋರ್ ಅಂಥದ್ದು: ಕಾಲು ಮೈಲಿಯೊಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯೊಳಗೆ, ಇರುವ ಸೌಕರ್ಯಕ್ಕೆ ಪೂರ್ಣ ಅಂಕ ಕೊಟ್ಟು, ದೂರ ಹೆಚ್ಚಿದಂತೆ ಕಡಿಮೆ ಮಾಡುತ್ತಾ, ಮೂವತ್ತು ನಿಮಿಷ ದಾಟಿದರೆ ಸೊನ್ನೆ ಕೊಡುತ್ತದೆ. ಆದರೆ ಅದು ಮುಖ್ಯವಾಗಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗಾಗಿ ಮಾಡಿದ್ದು. ಅಲ್ಲದೆ ಅಂಕ ಹೇಗೆ ಬಂತೆಂದು ಬಿಚ್ಚಿ ನೋಡಲು ಬಾರದ ಲೆಕ್ಕವನ್ನು ನಂಬಿ ಅಮ್ಮನ ಮನೆ ಬದಲಿಸಲು ನನಗೆ ಮನಸ್ಸಿರಲಿಲ್ಲ.

ಕ್ಯೂಜಿಐಎಸ್ ತಾನಾಗಿ ಏನನ್ನೂ ತಿಳಿದದ್ದಲ್ಲ. ಮೊದಲ ಬಾರಿ ತೆರೆದಾಗ ಕಾಣುವುದು ಬಿಳಿಯ ಹಾಳೆ ಮತ್ತು ಅದರ ಸುತ್ತ ಹೆದರಿಸುವಷ್ಟು ಗುಂಡಿಗಳು. ರಸ್ತೆ, ಅಂಗಡಿ, ಶಾಲೆಗಳನ್ನು ನಾವೇ ತಂದು ತುಂಬಬೇಕು. 2004ರಲ್ಲಿ ಆರಂಭವಾಗಿ ಸ್ವಯಂಸೇವಕರಿಂದಲೇ ಬೆಳೆದ ಓಪನ್‌ಸ್ಟ್ರೀಟ್‌ಮ್ಯಾಪ್ ಇದಕ್ಕೆ ಸುಲಭದ ಆಕರ. ಅಲ್ಲಿಂದ ಬೇಕಾದದ್ದನ್ನು ಮಾತ್ರ ಹೆಕ್ಕಿ ತರುವ ಕ್ವಿಕ್‌ಓಎಸ್‌ಎಂ ಎಂಬ ಪ್ಲಗಿನ್ ಇದೆ. ಒಂದು ಕಿಂಡಿಯಲ್ಲಿ ‘ಅಮೆನಿಟಿ’, ಪಕ್ಕದ ಕಿಂಡಿಯಲ್ಲಿ ‘ಫಾರ್ಮಸಿ’ ಎಂದು ಬರೆದು ಗುಂಡಿ ಒತ್ತಿದರೆ ಪರದೆಯಲ್ಲಿ ಕಾಣುವಷ್ಟು ಪ್ರದೇಶದ ಔಷಧಿ ಅಂಗಡಿಗಳು ಚುಕ್ಕೆಗಳಾಗಿ ಬಂದು ಕೂರುತ್ತವೆ. ದಿನಸಿ, ಹಾಲು, ತರಕಾರಿ, ಕ್ಲಿನಿಕ್, ಬ್ಯಾಂಕು, ಬಸ್ ನಿಲ್ದಾಣಗಳಿಗೆ ಬೇರೆ ಬೇರೆ ಪದರಗಳು. ಕೆಲಸ ಇಷ್ಟು ಸಲೀಸಾಗಿ ಆಗುವುದನ್ನು ಕಂಡು ಮೊದಲ ದಿನ ನಾನು ಹಿಗ್ಗಿದ್ದೆ. ಆ ಹಿಗ್ಗು ಎಷ್ಟು ಬೇಗ ಇಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ಎಡವು ಬಹುತೇಕ ಎಲ್ಲರಿಗೂ ಒಂದೇ. ಹೀಗೆ ಬಂದ ನಕ್ಷೆಯ ಅಳತೆ ಅಕ್ಷಾಂಶ–ರೇಖಾಂಶದ ಡಿಗ್ರಿಗಳಲ್ಲಿರುತ್ತದೆ, ಮೀಟರಿನಲ್ಲಲ್ಲ. ಮನೆಯ ಸುತ್ತ 500 ಎಂದು ವೃತ್ತ ಎಳೆಯಹೊರಟರೆ ತಂತ್ರಾಂಶ ಅದನ್ನು 500 ಡಿಗ್ರಿ ಎಂದುಕೊಳ್ಳುತ್ತದೆ. ಭೂಮಿಯ ಸುತ್ತಳತೆಯೇ 360 ಡಿಗ್ರಿ. ಪಕ್ಕದಲ್ಲಿ ಹಳದಿ ತ್ರಿಕೋನವೊಂದು ಎಚ್ಚರಿಸುತ್ತದೆ, ಆದರೆ ಅವಸರದಲ್ಲಿರುವವರಿಗೆ ಅದು ಕಾಣುವುದಿಲ್ಲ. ಪದರಗಳನ್ನು, ಭೂಮಿಯನ್ನು ವಲಯಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಂಡರೆ, ಅಂದರೆ ಇಪಿಎಸ್‌ಜಿ 32643 ಎಂಬ ಸಂಖ್ಯೆಯನ್ನು ಆರಿಸಿಕೊಂಡರೆ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಅಳತೆ ಮೀಟರಿನಲ್ಲಿ ಸಿಗುತ್ತದೆ. ಕೋಲಾರದವರು ಮಾತ್ರ ಗಮನಿಸಬೇಕು: ಅವರ ಊರು 78 ಡಿಗ್ರಿ ರೇಖಾಂಶದಿಂದ ಪೂರ್ವಕ್ಕಿರುವುದರಿಂದ 44ನೇ ವಲಯಕ್ಕೆ ಸೇರುತ್ತದೆ.

ಇನ್ನು ಅಳತೆಯ ವಿಷಯ. ಮನೆಯ ಸುತ್ತ 500 ಮೀಟರಿನ ವೃತ್ತ ಎಳೆದು ಅದರೊಳಗೆ ಬಿದ್ದ ಅಂಗಡಿಗಳನ್ನು ಎಣಿಸುವುದು ಎಲ್ಲಕ್ಕಿಂತ ಸುಲಭದ ದಾರಿ, ಮತ್ತು ಎಲ್ಲಕ್ಕಿಂತ ದಾರಿ ತಪ್ಪಿಸುವಂಥದ್ದು. ನೇರ ಹಾರಿ ಹೋಗಲು ನಾವು ಕಾಗೆಗಳಲ್ಲ. 1898ರ ಪ್ಲೇಗಿನ ಬಳಿಕ ಬೆಳೆದ ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಮೇನ್ ರಸ್ತೆಗಳನ್ನು ಕ್ರಾಸ್ ರಸ್ತೆಗಳು ಚೌಕುಳಿಯಾಗಿ ಕತ್ತರಿಸುತ್ತವೆ. ದೋಷವೇ ಇಲ್ಲದ ಚೌಕುಳಿಯಲ್ಲಿ ಕೂಡ 500 ಮೀಟರ್ ನಡೆದು ತಲುಪಬಹುದಾದ ಜಾಗ ವೃತ್ತವಾಗಿರುವುದಿಲ್ಲ. ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತೆ, ಗಾಳಿಪಟದ ಆಕಾರದಲ್ಲಿರುತ್ತದೆ. ವೃತ್ತದ ವಿಸ್ತೀರ್ಣ ಸುಮಾರು 78.5 ಹೆಕ್ಟೇರ್, ಗಾಳಿಪಟದ್ದು 50 ಹೆಕ್ಟೇರ್. ಅಂದರೆ ರಸ್ತೆಗಳು ಅತ್ಯಂತ ಅಚ್ಚುಕಟ್ಟಾಗಿರುವ ಕಡೆಯಲ್ಲೂ ವೃತ್ತ ತೋರಿಸುವ ಜಾಗದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸುಳ್ಳು. ಕೊನೆಯಿಲ್ಲದ ಕಾಂಪೌಂಡು ಗೋಡೆಗಳು, ಎದುರು ತೆರೆಯದ ಓಣಿಗಳು, ಒಂದೇ ಬಾಗಿಲಿನ ಗೇಟೆಡ್ ಸಮುಚ್ಚಯಗಳು ಇರುವ ಹೊಸ ಬಡಾವಣೆಗಳಲ್ಲಿ ಆ ಪಾಲು ಇನ್ನೂ ಹಿಗ್ಗುತ್ತದೆ. ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರಿನ ‘ನಡಿಗೆಯ ದೂರ’ದಲ್ಲಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ ಹೊರಡಿಸಿದ 2010ರ ನಿಯಮಗಳು ಹೇಳಿವೆ. ಅದನ್ನು ಕಂಪಾಸಿನಲ್ಲಿ ವೃತ್ತ ಎಳೆದು ಪರೀಕ್ಷಿಸುವವರು ‘ನಡಿಗೆ’ ಎಂಬ ಪದವನ್ನೇ ಓದದವರೆಂದು ನನ್ನ ಎಣಿಕೆ.

ರಸ್ತೆಯ ಜಾಡು ಹಿಡಿದು ಅಳೆಯುವ ಸಾಧನಗಳು ಕ್ಯೂಜಿಐಎಸ್‌ನ ಒಳಗೇ ಇವೆ: ಎರಡು ಬಿಂದುಗಳ ನಡುವಿನ ಕಿರುದಾರಿ ಹುಡುಕುವುದು ಒಂದು, ಒಂದು ಬಿಂದುವಿನಿಂದ ಇಂತಿಷ್ಟು ದೂರ ಅಥವಾ ಹೊತ್ತಿನಲ್ಲಿ ತಲುಪಬಹುದಾದ ರಸ್ತೆಗಳನ್ನೆಲ್ಲ ಗುರುತಿಸುವ ‘ಸರ್ವಿಸ್ ಏರಿಯಾ’ ಇನ್ನೊಂದು. ಎರಡನೆಯದನ್ನು ಎರಡು ಮನೆಗಳಿಂದಲೂ ಓಡಿಸಿದೆ. ಮಲ್ಲೇಶ್ವರದ ಮನೆಯಿಂದ ದಾರಿಗಳು ನಾಲ್ಕೂ ದಿಕ್ಕಿಗೆ ಬೇರು ಬಿಟ್ಟಂತೆ ಹರಡಿ, 8ನೇ ಕ್ರಾಸಿನ ಅಂಗಡಿ ಸಾಲನ್ನೂ ಸಂಪಿಗೆ ರಸ್ತೆಯನ್ನೂ ಮುಟ್ಟಿದವು. ಹಳಿಯಾಚೆಯ ಮನೆಯಿಂದ ಹೊರಟ ದಾರಿಗಳು ಪೂರ್ವಕ್ಕೆ ಬಂದು ಹಳಿಯ ಅಂಚಿನಲ್ಲಿ ಕತ್ತರಿಸಿದಂತೆ ನಿಂತುಬಿಟ್ಟವು. ಗಾಳಿಯಲ್ಲಿ ಅಳೆದರೆ ತೀರ ಹತ್ತಿರವಿರುವ ತರಕಾರಿ ಅಂಗಡಿ ನಡಿಗೆಯಲ್ಲಿ ಎಟುಕಲೇ ಇಲ್ಲ.

ಆ ಅಪಾರ್ಟ್‌ಮೆಂಟನ್ನು ಅಲ್ಲಿಗೇ ಕೈಬಿಡಬೇಕೆಂದಿದ್ದೆ. ಆದರೆ ಅದರ ಹತ್ತಿರದಲ್ಲೊಂದು ಕೆಳಸೇತುವೆ ಇರುವುದು ನನಗೆ ಗೊತ್ತಿತ್ತು; ಒಂದು ಮಳೆಗಾಲದಲ್ಲಿ ಅದರೊಳಗಿನ ನೀರಿಗೆ ಹೆದರಿ ಸ್ಕೂಟರ್ ತಿರುಗಿಸಿಕೊಂಡು ಬಂದವನು ನಾನು. ನಕ್ಷೆಯನ್ನು ಹಿಗ್ಗಿಸಿ, ಮತ್ತೂ ಹಿಗ್ಗಿಸಿ ನೋಡಿದಾಗ ಸಂಗತಿ ಹೊಳೆಯಿತು. ಕೆಳಸೇತುವೆಯ ಗೆರೆ ಇತ್ತು, ಆದರೆ ಅದರ ತುದಿ ಮುಂದಿನ ರಸ್ತೆಯ ಗೆರೆಗೆ ತಾಗಿರಲಿಲ್ಲ. ನಡುವೆ ಉಳಿದದ್ದು ಎರಡು ಮೀಟರೂ ಇಲ್ಲದ ಸಂದು. ಕಣ್ಣಿಗೆ ಕೂಡಿದಂತೆ ಕಾಣುವ ಎರಡು ಗೆರೆಗಳಿಗೆ ಒಂದೇ ಬಿಂದು ಹಂಚಿಕೆಯಾಗಿರದಿದ್ದರೆ ತಂತ್ರಾಂಶದ ಮಟ್ಟಿಗೆ ಅವುಗಳ ನಡುವೆ ಸಮುದ್ರವಿದ್ದಂತೆ. ‘ಟೋಪಾಲಜಿ ಟಾಲರೆನ್ಸ್’ ಎಂಬ ಕಿಂಡಿಯಲ್ಲಿ ಎರಡೆಂದು ತುಂಬಿದರೆ ಅಷ್ಟು ಸಂದನ್ನು ಅದು ಮನ್ನಿಸುತ್ತದೆ. ಆದರೆ ಹಾಗೆ ಮನ್ನಿಸಲು ಹೊರಟರೆ ಮೇಲ್ಸೇತುವೆಯನ್ನೂ ಕೆಳಗಿನ ರಸ್ತೆಯನ್ನೂ ಬೆಸೆದುಬಿಡುವ ಅಪಾಯವಿದೆ. ಹಾಗಾಗಿ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲೇ ಖಾತೆ ತೆರೆದು ಗೆರೆಯ ತುದಿಯನ್ನು ರಸ್ತೆಗೆ ಸೇರಿಸಿದೆ, ಕಾಫಿ ಕುಡಿದು ಬಂದು ಕ್ವಿಕ್‌ಓಎಸ್‌ಎಂನಿಂದ ಮತ್ತೆ ಇಳಿಸಿಕೊಂಡೆ. ಈ ಸಲ ತಲುಪಬಹುದಾದ ದಾರಿಗಳ ಬಣ್ಣ ಹಳಿಯ ಕೆಳಗಿನಿಂದ ಹಾದು ಮಲ್ಲೇಶ್ವರದೊಳಕ್ಕೆ ಚಾಚಿತು. ಒಂದು ಬಡಾವಣೆಯ ‘ಲಭ್ಯತೆ’ ಒಂದು ಲೋಟ ಕಾಫಿಯಷ್ಟು ಹೊತ್ತಿನಲ್ಲಿ ಬದಲಾಗಿತ್ತು, ನೆಲದ ಮೇಲೆ ಮಾತ್ರ ಒಂದು ಕಲ್ಲೂ ಅಲುಗಿರಲಿಲ್ಲ. ಪತ್ರಿಕೆಗಳಲ್ಲಿ ಇಂಥ ಬಣ್ಣದ ನಕ್ಷೆ ಕಂಡಾಗಲೆಲ್ಲ ಈಗ ನನಗೆ ನೆನಪಾಗುವುದು ಆ ಎರಡು ಮೀಟರಿನ ಸಂದು.

ಇದೇ ಕೆಲಸಕ್ಕೆ ಎರಡು ಪ್ಲಗಿನ್‌ಗಳನ್ನೂ ಬಳಸಿ ನೋಡಿದೆ. ಓಆರ್‌ಎಸ್ ಟೂಲ್ಸ್ ಎಂಬುದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೂಪುಗೊಂಡ ಓಪನ್‌ರೂಟ್‌ಸರ್ವಿಸ್ ಜಾಲತಾಣಕ್ಕೆ ನಮ್ಮ ಬಿಂದುವನ್ನು ಕಳಿಸಿ, ಐದು, ಹತ್ತು, ಹದಿನೈದು ನಿಮಿಷಗಳ ಸಮಕಾಲ ರೇಖೆಗಳನ್ನು, ಅಂದರೆ ಅಷ್ಟು ಹೊತ್ತಿನಲ್ಲಿ ತಲುಪಬಹುದಾದ ಜಾಗದ ಗಡಿಗಳನ್ನು, ಬಣ್ಣದ ಹಾಳೆಗಳಂತೆ ಸಿದ್ಧಪಡಿಸಿ ತರುತ್ತದೆ. ಉಚಿತ ನೋಂದಣಿ ಸಾಕು, ದಿನಕ್ಕಿಷ್ಟೇ ಎಂಬ ಮಿತಿ ಇದೆ, ಚಿತ್ರ ಸೊಗಸಾಗಿರುತ್ತದೆ. ಆದರೆ ನಾವು ತಿದ್ದಿದ ರಸ್ತೆ ಅಲ್ಲಿ ಅದೇ ದಿನ ಕಾಣಿಸುವುದಿಲ್ಲ, ನಡಿಗೆಯ ವೇಗವೂ ಅವರು ಇಟ್ಟದ್ದೇ. ಕ್ಯೂನೀಟ್3 ಹಲವು ಮನೆಗಳಿಂದ ಹಲವು ಅಂಗಡಿಗಳಿಗಿರುವ ದೂರಗಳನ್ನೆಲ್ಲ ಒಂದೇ ಕೋಷ್ಟಕದಲ್ಲಿ ಕೊಡುತ್ತದೆ. ಇಡೀ ವಾರ್ಡಿನ ಅಧ್ಯಯನ ಮಾಡುವವರಿಗೆ ಅದು ಬೇಕೇ ಬೇಕು, ನನ್ನಂಥವರಿಗೆ ಅಗತ್ಯವಿಲ್ಲ.

ವೇಗದ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಲೇಬೇಕು. ಪ್ರೊಫೆಸರ್ ಕಾರ್ಲೋಸ್ ಮೊರೆನೊ 2016ರಲ್ಲಿ ಮುಂದಿಟ್ಟು, 2020ರಲ್ಲಿ ಪ್ಯಾರಿಸ್ಸಿನ ಮೇಯರ್ ಚುನಾವಣೆಯ ಹೊತ್ತಿಗೆ ಜಗತ್ತಿಗೆಲ್ಲ ಪರಿಚಿತವಾದ, ದಿನನಿತ್ಯದ ಸೌಕರ್ಯಗಳೆಲ್ಲ ಮನೆಯಿಂದ ಹದಿನೈದು ನಿಮಿಷದೊಳಗೆ ಸಿಗಬೇಕೆನ್ನುವ ‘ಹದಿನೈದು ನಿಮಿಷದ ನಗರ’ದ ಕಲ್ಪನೆಯನ್ನು ನಕ್ಷೆಗಿಳಿಸುವವರು ಸಾಮಾನ್ಯವಾಗಿ ಗಂಟೆಗೆ ಐದು ಕಿಲೋಮೀಟರಿನ ನಡಿಗೆಯನ್ನು ಹಿಡಿಯುತ್ತಾರೆ, ಹದಿನೈದು ನಿಮಿಷಕ್ಕೆ 1,250 ಮೀಟರ್. ಅಮ್ಮನ ನಡಿಗೆ ಗಂಟೆಗೆ ಮೂರು ಕಿಲೋಮೀಟರ್. ಅವರ ಹದಿನೈದು ನಿಮಿಷ ಅಂದರೆ 750 ಮೀಟರ್. ದೂರ ಐದನೇ ಮೂರಕ್ಕೆ ಇಳಿದರೆ ವಿಸ್ತೀರ್ಣ ಅದರ ವರ್ಗದಂತೆ ಇಳಿಯುತ್ತದೆ: ಅಮ್ಮನ ನಗರ ನನ್ನ ನಗರದ ಶೇ 36ರಷ್ಟು ಮಾತ್ರ. ಕ್ಯೂಜಿಐಎಸ್‌ನ ಒಳಸಾಧನದಲ್ಲಿ ಈ ವೇಗವನ್ನು ನಾವೇ ಬರೆಯಬಹುದು, ಬರೆಯಲೂ ಬೇಕು. ಏಕೆಂದರೆ ಏನೂ ಬರೆಯದೆ ಬಿಟ್ಟರೆ ಅದು ಗಂಟೆಗೆ 50 ಕಿಲೋಮೀಟರ್ ಎಂದುಕೊಳ್ಳುತ್ತದೆ. ಮಧ್ಯವರ್ತಿಯ ಐದು ನಿಮಿಷದ ಗುಟ್ಟು ಅಲ್ಲೇ ಇತ್ತೋ ಏನೋ. ನಡೆಯುವವರಿಗೆ ಏಕಮುಖ ಸಂಚಾರದ ಕಟ್ಟಳೆ ಇಲ್ಲವಾದ್ದರಿಂದ ದಿಕ್ಕಿನ ಕಿಂಡಿಯನ್ನು ಖಾಲಿ ಬಿಡಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈಗ ಹಿಗ್ಗು ಇಳಿದ ಕತೆ. ಸಿದ್ಧವಾದ ನಕ್ಷೆಯನ್ನು ಅಮ್ಮನ ಮುಂದೆ ಹರವಿ ಕೂತೆ. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ, “ಹಿಟ್ಟಿನ ಗಿರಣಿ ಎಲ್ಲಿ ಹಾಕಿದೀಯ?” ಎಂಬುದು. ಗಿರಣಿ ಇರಲಿಲ್ಲ. ಹೂವು ಮಾರುವವರು, ಎಳನೀರಿನವರು, ಬಟ್ಟೆ ಇಸ್ತ್ರಿ ಮಾಡುವ ಗಾಡಿ, ಚಪ್ಪಲಿ ಹೊಲಿಯುವವರು, ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮೂಲೆಯಲ್ಲಿ ನಿಲ್ಲುವ ಸೊಪ್ಪಿನ ತಳ್ಳುಗಾಡಿ, ಯಾವುದೂ ಇರಲಿಲ್ಲ. ಬ್ಯಾಂಕುಗಳಿದ್ದವು, ಎಟಿಎಂಗಳಿದ್ದವು, ಕಾಫಿ ಮಳಿಗೆಗಳಂತೂ ಧಾರಾಳವಾಗಿದ್ದವು. ಸ್ವಯಂಸೇವಕರು ತಾವು ಬಳಸುವುದನ್ನು ಮೊದಲು ಗುರುತಿಸುತ್ತಾರೆ. ಅದು ತಪ್ಪಲ್ಲ, ಆದರೆ ಅದರ ನೆರಳು ನಮ್ಮ ಲೆಕ್ಕದ ಮೇಲೆ ಬೀಳುತ್ತದೆ. ಅಂಗನವಾಡಿ, ನ್ಯಾಯಬೆಲೆ ಅಂಗಡಿಗಳು ನಾನು ನೋಡಿದ ಹರವಿನಲ್ಲಿ ಅಲ್ಲೊಂದು ಇಲ್ಲೊಂದು. ಹೀಗಾಗಿ ಎರಡು ಭಾನುವಾರ ಫೋನಿನಲ್ಲಿ ಎವೆರಿ ಡೋರ್ ಎಂಬ ಆ್ಯಪ್ ಹಾಕಿಕೊಂಡು ಎರಡೂ ಮನೆಗಳ ಸುತ್ತಿನ ಬೀದಿಗಳನ್ನು ನಡೆದು ಗುರುತಿಸಿದೆ. ಖಾಸಗಿ ಕಂಪನಿಗಳ ನಕ್ಷೆ ನೋಡಿ ನಕಲು ಮಾಡುವುದು ಪರವಾನಗಿಗೆ ವಿರುದ್ಧವಾದ್ದರಿಂದ ನಡೆಯದೆ ಬೇರೆ ದಾರಿಯಿಲ್ಲ. ಕಾಲು ನೋಯಿತು. ಆದರೆ ಗಿರಣಿ ಸಿಕ್ಕಿತು. ಮಲ್ಲೇಶ್ವರದ ಮನೆಯಿಂದ ಎರಡು ಕ್ರಾಸ್ ಆಚೆ, ಫಲಕವೇ ಇಲ್ಲದ ಒಂದು ಬಾಗಿಲಿನ ಹಿಂದೆ. ರಾಗಿಯ ವಾಸನೆಯಿಂದಲೇ ಪತ್ತೆಯಾದದ್ದು.

ತಳ್ಳುಗಾಡಿಯ ವಿಚಾರದಲ್ಲಿ ಮಾತ್ರ ನಾನು ಸೋತೆ. ಮನೆ ಬಾಗಿಲಿಗೇ ಬರುವ ಸೌಕರ್ಯದ ದೂರವೆಷ್ಟು? ಮನೆಯಿಂದ ಸೌಕರ್ಯದತ್ತ ಮನುಷ್ಯ ನಡೆಯುತ್ತಾನೆಂಬ ಎಣಿಕೆಯ ಮೇಲೇ ಈ ಲೆಕ್ಕವೆಲ್ಲ ನಿಂತಿದೆ. ಸೊಪ್ಪು ನಮ್ಮತ್ತ ನಡೆದುಬರುವ ಊರಿಗೆ ಅದು ಅಳವಡುವುದಿಲ್ಲ.

ಹತ್ತಿರದ ಒಂದು ಅಂಗಡಿ ಎಷ್ಟು ದೂರ ಎಂಬುದೊಂದೇ ಅಳತೆಯೂ ಸಾಲದು. ಅಮ್ಮ ಹತ್ತಿರದ ಔಷಧಿ ಅಂಗಡಿಗೆ ಹೋದರೆ ಅವರಿಗೆ ಬೇಕಾದ ಮಾತ್ರೆ ಅಲ್ಲಿ ಇದ್ದೇ ಇರಬೇಕೆಂದಿಲ್ಲ. ಮೂರು ಅಂಗಡಿಗಳು ಎಟುಕಿನಲ್ಲಿದ್ದರೆ ನೆಮ್ಮದಿ. ಅಮೆರಿಕದ ವಾಲ್ಟರ್ ಹ್ಯಾನ್ಸೆನ್ 1959ರಲ್ಲೇ, ದೂರ ಹೆಚ್ಚಿದಂತೆ ತೂಕ ಇಳಿಸುತ್ತಾ ಎಲ್ಲ ಅವಕಾಶಗಳನ್ನೂ ಕೂಡುವ ಸೂತ್ರ ಕೊಟ್ಟಿದ್ದರು. ಕೋಷ್ಟಕ ಕೈಯಲ್ಲಿದ್ದರೆ ಅದನ್ನು ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಒಂದು ಸಾಲಿನಲ್ಲಿ ಬರೆಯಬಹುದು. ನಾನು ಅಷ್ಟು ದೂರ ಹೋಗಲಿಲ್ಲ, ಹದಿನೈದು ನಿಮಿಷದೊಳಗೆ ಎಷ್ಟು ಎಂದು ಎಣಿಸಿದೆ.

ಕೊರತೆಗಳನ್ನೂ ಹೇಳಬೇಕು. ಬಸ್ಸಿನ ವೇಳಾಪಟ್ಟಿ ಈ ಒಳಸಾಧನಗಳಿಗೆ ತಿಳಿಯದು. ನಡಿಗೆ, ಕಾಯುವಿಕೆ, ಬಸ್ಸು, ಮತ್ತೆ ನಡಿಗೆ ಎಂಬ ಪ್ರಯಾಣವನ್ನು ಲೆಕ್ಕ ಹಾಕಲು ಆರ್5ನಂಥ ಬೇರೆ ಸಾಧನ ಬೇಕು, ಅದಕ್ಕೆ ಒಂದಿಷ್ಟು ಪ್ರೋಗ್ರಾಮಿಂಗ್ ಗೊತ್ತಿರಬೇಕು. ಏರುತಗ್ಗು ಲೆಕ್ಕಕ್ಕೆ ಬರುವುದಿಲ್ಲ, ಮಲ್ಲೇಶ್ವರದ ಕೆಲವು ಕ್ರಾಸ್‌ಗಳ ಏರನ್ನು ಮಂಡಿ ನೋವಿನವರು ಮರೆಯಲಾರರು. ಫುಟ್‌ಪಾತಿನ ಚಪ್ಪಡಿ ಎದ್ದಿದೆಯೋ, ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿದೆಯೋ, ಅದಕ್ಕೆ ಗೊತ್ತಿಲ್ಲ. ತಪ್ಪಾದಾಗ ಬರುವ ಸಂದೇಶಗಳು ಇಂಜಿನಿಯರುಗಳ ಇಂಗ್ಲಿಷಿನಲ್ಲಿರುತ್ತವೆ. ‘ಜಿಯಾಮೆಟ್ರಿ ಸರಿಯಿಲ್ಲ’ ಎಂದು ಕೈಚೆಲ್ಲುವ ತಂತ್ರಾಂಶ ಎಲ್ಲಿ ಸರಿಯಿಲ್ಲವೆಂದು ತೋರಿಸಲು ಇನ್ನೊಂದು ಸಾಧನ ಓಡಿಸಬೇಕಾಗುತ್ತದೆ. ನಕ್ಷೆಯ ಮೇಲೆ ರಸ್ತೆ, ಅಂಗಡಿಗಳ ಹೆಸರನ್ನು ಕನ್ನಡದಲ್ಲಿ ತೋರಿಸುವುದಕ್ಕೆ ಮಾತ್ರ ತೊಂದರೆಯಾಗಲಿಲ್ಲ. ಸರಿಯಾದ ಯೂನಿಕೋಡ್ ಫಾಂಟ್ ಆರಿಸಿದರೆ ಒತ್ತಕ್ಷರಗಳು ಅಚ್ಚುಕಟ್ಟಾಗಿ ಮೂಡುತ್ತವೆ.

ಈ ಎಲ್ಲದರ ಬಳಿಕವೂ ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ, ಆ ಅರ್ಧವನ್ನು ಕಳೆದದ್ದು ದೋಷ ಸಂದೇಶಗಳಿಗಾಗಿ. ಉಳಿದ ಕುಂದುಗಳಲ್ಲಿ ಹೆಚ್ಚಿನವು ನಾವು ಉಣಿಸಿದ ನಕ್ಷೆಯವು, ತಂತ್ರಾಂಶದವಲ್ಲ. ಯಾವ ರಸ್ತೆ, ಯಾವ ಅಂಗಡಿ, ಯಾರ ವೇಗ ಎಂದು ಪ್ರತಿ ಹೆಜ್ಜೆಯಲ್ಲೂ ನಮ್ಮನ್ನೇ ಕೇಳುವುದರಿಂದ ಇದು ಕಷ್ಟವೆನಿಸುತ್ತದೆ, ಮತ್ತು ಅದೇ ಕಾರಣಕ್ಕೆ ನಂಬಿಕೆಗೆ ಅರ್ಹವೆನಿಸುತ್ತದೆ. ನಿವಾಸಿಗಳ ಸಂಘಗಳಿಗೆ, ಯೋಜನೆ ಓದುವ ವಿದ್ಯಾರ್ಥಿಗಳಿಗೆ, ತಾಳ್ಮೆ ಇರುವ ಗೃಹಸ್ಥರಿಗೆ ಶಿಫಾರಸು ಮಾಡುತ್ತೇನೆ. ಸಂಜೆಯೊಳಗೆ ಉತ್ತರ ಬೇಕೆನ್ನುವವರಿಗೆ ಇಲ್ಲ.

ಮನೆಯ ವಿಷಯ: ಮೆಟ್ರೊ ಒಂದನ್ನೇ ನೋಡಿದರೆ ಅಪಾರ್ಟ್‌ಮೆಂಟ್ ಗೆಲ್ಲುತ್ತಿತ್ತು, ಏಕೆಂದರೆ ಶ್ರೀರಾಮಪುರ ನಿಲ್ದಾಣ ಹಳಿಯ ಆ ಬದಿಗೇ ಇದೆ. ಆದರೆ ಅಮ್ಮ ವಾರಕ್ಕೊಮ್ಮೆಯೂ ಮೆಟ್ರೊ ಹತ್ತುವವರಲ್ಲ. ಮಲ್ಲೇಶ್ವರದ ಮನೆ ಹಿಡಿದೆವು. ಸೇರಿದ ವಾರದಲ್ಲೇ ಲೆಕ್ಕವನ್ನು ಪರೀಕ್ಷಿಸಲು ಗಡಿಯಾರ ಹಿಡಿದು ಅಮ್ಮನ ಜೊತೆ ಔಷಧಿ ಅಂಗಡಿಗೆ ಹೊರಟೆ. ತಂತ್ರಾಂಶ ಹನ್ನೊಂದು ನಿಮಿಷ ಎಂದಿತ್ತು, ಹಿಡಿದದ್ದು ಹದಿನಾಲ್ಕು. ಮೂರು ನಿಮಿಷ ಎಲ್ಲಿ ಹೋಯಿತೆಂದರೆ, ಎರಡು ಕಡೆ ರಸ್ತೆ ದಾಟಲು ಸೆರಗು ಬಿಗಿಹಿಡಿದು ಅಂಚಿನಲ್ಲಿ ನಿಂತದ್ದರಲ್ಲಿ, ಒಂದೊಂದು ಕಡೆ ಒಂದೂವರೆ ನಿಮಿಷದಂತೆ. ದಾಟುವ ಜಾಗದಲ್ಲಿ ಕಾಯುವಿಕೆಯನ್ನು ನಮೂದಿಸಲು ಒಳಸಾಧನದಲ್ಲಿ ಪ್ರತ್ಯೇಕ ಕಿಂಡಿ ಇಲ್ಲ. ಹಾಗಾಗಿ ಆ ಎರಡೂ ಕಡೆ ರಸ್ತೆಗೆ ಅಡ್ಡಲಾಗಿ ಹನ್ನೆರಡು ಮೀಟರಿನ ತುಂಡು ಗೆರೆ ಎಳೆದು, ಅದರ ವೇಗದ ಕಾಲಂನಲ್ಲಿ ಗಂಟೆಗೆ 0.48 ಕಿಲೋಮೀಟರ್ ಎಂದು ಬರೆದೆ. ಹನ್ನೆರಡು ಮೀಟರಿಗೆ ಸರಿಯಾಗಿ ಒಂದೂವರೆ ನಿಮಿಷ. ಮತ್ತೆ ಓಡಿಸಿದಾಗ ಅಮ್ಮನ ಹದಿನೈದು ನಿಮಿಷದ ಬಣ್ಣ ಸಂಪಿಗೆ ರಸ್ತೆಯ ಆಚೆ ಬದಿಯಲ್ಲಿ ಒಂದು ಇಡೀ ಕ್ರಾಸಿನಷ್ಟು ಹಿಂದಕ್ಕೆ ಸರಿದಿತ್ತು.